ಬಯಕೆಸಂಕ

ಮಾಣಿಕಡವಿನ ಹಳೆಗಾಲುವೆಯಲ್ಲಿ ಈಗ ಉಪ್ಪಿನ ದೋಣಿಗಳಿಲ್ಲ. ಕಡಲ ಬದಿಯ ಉಪ್ಪಿನಾಗರಗಳಿಂದ ಹೊರಟು ತೆಂಗಿನ ಸಾಲುಗಳ ನಡುವೆ ಹೊಳೆ ಸೇರುವ ಈ ನೀರಿನ ಮೇಲೆ ಇವತ್ತು ಓಡಾಡುವುದು ಹೌಸ್‌ಬೋಟುಗಳು. ರಜೆ ಕಳೆಯಲು ಬಂದವರು ಅಲ್ಲೇ ಉಂಡು, ಅಲ್ಲೇ ಮಲಗಿ, ನೆಲ ಮುಟ್ಟದೆ ಇದ್ದು ಹೋಗುತ್ತಾರೆ. ಕಾಲುವೆಯ ನಡುದಾರಿಯಲ್ಲಿ ಒಂದು ಕಲ್ಲುಸಂಕವಿದೆ; ಎರಡು ದಡಕ್ಕೂ ಉದ್ದುದ್ದ ಚಪ್ಪಡಿ ಹಾಸಿದ ತಗ್ಗು ಸೇತುವೆ. ಅದುವರೆಗೆ ಹರಟುತ್ತಿದ್ದ ಬೋಟಿನವನು ಅಲ್ಲಿಗೆ ಬರುತ್ತಲೇ ಬಾಯಿ ಮುಚ್ಚುತ್ತಾನೆ, ಇಂಜಿನ್ ಆರಿಸುತ್ತಾನೆ, ಕತ್ತೆತ್ತಿ ಕಲ್ಲನ್ನೇ ನೋಡುತ್ತಾನೆ. ಇದರ ಹೆಸರು ಬಯಕೆಸಂಕ. ಇದರಡಿ ಬೇಡಿಕೊಂಡರೆ ಬಯಸಿದ್ದು ಕೈಗೂಡುತ್ತದೆ ಎಂದು ಯಾರೋ ಹಬ್ಬಿಸಿಬಿಟ್ಟಿದ್ದಾರೆ. ಊರವರು ಕೇಳಿ ನಗುತ್ತಾರೆ. ಹೆಸರು ಬಂದ ಬಗೆಯೇ ಬೇರೆ.

ಹಿಂದೆ ಒಮ್ಮೆ ಈ ಹೊಳೆಸಾಲನ್ನು ಒಬ್ಬ ನಾಯಕ ಆಳುತ್ತಿದ್ದನಂತೆ. ಅವನ ಮಗಳು ಪದುಮಲೆ ಚೊಚ್ಚಲ ಬಸುರಿಯಾಗಿ ತವರಿಗೆ ಬಂದವಳು, ಏಳನೆಯ ತಿಂಗಳಲ್ಲಿ ಒಂದು ಬಯಕೆ ಹೇಳಿದಳು. ಹುಣಿಸೆಯಲ್ಲ, ಹಲಸಲ್ಲ; ನೀರಿನ ಮೇಲೆ ನಾಲ್ಕು ದಿನ ಮನೆ ಹೂಡಿ ಇರಬೇಕು. ಬಸುರಿಯ ಬಯಕೆಗೆ ಅರಸನೂ ಇಲ್ಲವೆನ್ನುವಂತಿಲ್ಲ. ನಾಯಕ ಉಪ್ಪು ಸಾಗಿಸುವ ಜಟ್ಟಿ ಅಂಬಿಗನನ್ನು ಕರೆಸಿದ. "ಒಡೆಯಾ, ನನಗೆ ಉಪ್ಪು ಹೇರಿ ಗೊತ್ತು, ಜೀವ ಹೇರಿ ಗೊತ್ತಿಲ್ಲ" ಎಂದ ಜಟ್ಟಿಯ ಮಾತು ನಡೆಯಲಿಲ್ಲ. ತನ್ನ ದೊಡ್ಡ ದೋಣಿಯ ಮೇಲೆ ಹಲಗೆಯ ಗೋಡೆ ಎಬ್ಬಿಸಿ, ಗಟ್ಟಿ ತೊಲೆಯಿಟ್ಟು ಮಾಡು ಹೊದಿಸಿದ. ಒಳಗೆ ಒಲೆ ಹೂಡಿ ಹಾಲುಕ್ಕಿಸಿದರು. ಅಕ್ಕಿ ಮೂಟೆ, ಸೌದೆ, ಸಿಹಿನೀರಿನ ಹಂಡೆಗಳು ಒಳಸೇರಿದವು. ಹೋಗುವಾಗ ಸಂಕದ ಕಲ್ಲಿಗೂ ಮಾಡಿಗೂ ನಡುವೆ ಒಂದು ಗೇಣು ಬೆಳಕು ಕಂಡಿತು. ಜಟ್ಟಿ ಉಸಿರು ಬಿಟ್ಟ. ಆದರೂ ಹೊಳೆಯ ಮೇಲಿದ್ದಷ್ಟು ದಿನವೂ ಅವನಿಗೆ ತುತ್ತು ಇಳಿಯಲಿಲ್ಲ ಎನ್ನುತ್ತಾರೆ. ಒಳಗೆ ಬಳೆಯ ಸದ್ದಾದರೆ ನೋವು ಬಂತೇನೋ ಎಂದು ಎದೆ ಹಾರುವುದು. ಸದ್ದು ನಿಂತರೆ ಇನ್ನೂ ಹೆಚ್ಚು ಹಾರುವುದು.

ತಿರುಗಿ ಬರುವ ದಿನ ಅಮಾವಾಸ್ಯೆ. ಕಡಲಿನಿಂದ ಉಬ್ಬರದ ನೀರು ಕಾಲುವೆಗೆ ನುಗ್ಗುತ್ತಿತ್ತು. ಸಂಕದಡಿ ದೋಣಿ ಅರ್ಧ ದಾಟಿರಬೇಕು, ನೆತ್ತಿಯ ತೊಲೆ ಕಲ್ಲಿಗೆ ಕಚ್ಚಿ ನಿಂತುಬಿಟ್ಟಿತು. ಆಗ ಜಟ್ಟಿಗೆ ಹೊಳೆಯಿತು. ಅಕ್ಕಿ ಉಂಡಾಗಿದೆ, ನೀರು ಕುಡಿದಾಗಿದೆ, ಸೌದೆ ಉರಿದಾಗಿದೆ; ಹಗುರಾದ ದೋಣಿ ಮೇಲೆದ್ದಿದೆ. ಖಾಲಿ ದೋಣಿ ಮೇಲೇಳುವುದು ಅವನಿಗೆ ತಿಳಿಯದ್ದೇನಲ್ಲ. ಜನ್ಮವಿಡೀ ಉಪ್ಪು ಇಳಿಸಿ ಖಾಲಿ ದೋಣಿಯಲ್ಲೇ ಮರಳಿದವನು. ಆದರೆ ಉಪ್ಪಿನ ದೋಣಿಗೆ ಮಾಡು ಇರುವುದಿಲ್ಲ. ಹಾಗಾಗಿ ಆ ತಿಳಿವಳಿಕೆ ಯಾವತ್ತೂ ಸಂಕಕ್ಕೆ ತಾಗಿರಲಿಲ್ಲ.

ನೀರು ಏರುತ್ತಿತ್ತು. ತೊಲೆ ನರಳತೊಡಗಿತು. ದೋಣಿ ಕಚ್ಚಿದ ಏಟಿಗೆ ಪದುಮಲೆ ಕುಸಿದು ಬಿದ್ದಿದ್ದಳು, ನೋವು ಕಾಣಿಸಿಕೊಂಡಿತ್ತು. ಈಗ ಅವಳನ್ನು ಎಬ್ಬಿಸಿದರೆ ಮಗು ಉಳಿಯದು ಎಂದಳು ಸೂಲಗಿತ್ತಿ ಬೀರಮ್ಮ. ನಾಯಕ ಜೊತೆಗೆ ಕಳಿಸಿದ್ದ ಪಾರುಪತ್ಯಗಾರ ದೇಮಯ್ಯ ಬೆವರುತ್ತ, "ಮಾಡು ಕಡಿಯೋ" ಎಂದ.

"ಬಸುರಿ ಒಳಗಿರೋ ಮನೆಯ ಮಾಡು ಬಿಚ್ಚೂದುಂಟೇನ್ರೋ? ಹಾಲುಕ್ಕಿದ ಮನೆ ಇದು" ಎಂದು ಒಳಗಿನಿಂದ ಬೀರಮ್ಮ ಗದರಿದಳು. ಜಟ್ಟಿ ಎತ್ತಿದ ಕೊಡಲಿಯನ್ನು ಇಳಿಸಿದ. ದೋಣಿಗೆ ನೀರು ತುಂಬೋಣವೆಂದರೆ ಅದು ಒಂದೇ ಮಗ್ಗುಲಿಗೆ ಹರಿದು ದೋಣಿ ವಾಲುತ್ತದೆ. ಅಂಬಿಗರೆಲ್ಲ ದೋಣಿಯ ಮೂತಿಯ ಮೇಲೆ ನಿಂತು ನೋಡಿದರು. ಮೂತಿ ತಗ್ಗಿತು, ತೊಲೆ ಬಿಡಲಿಲ್ಲ. ಭಾರ ನಡುವೆ ಬೀಳಬೇಕು, ಮನೆಯೊಳಗೇ. ನೋವಿನ ಹೆಂಗಸಿದ್ದಲ್ಲಿಗೆ ಗಂಡಸರು ಹೋಗುವಂತಿಲ್ಲ.

ದಡದಲ್ಲಿ ಉಪ್ಪಿನಾಗರದ ಹೆಂಗಸರು ಗುಂಪುಗೂಡಿದ್ದರು. ಅವರ ಮುಂದೆ ಗಣಪಿ ಎಂಬ ತೋರಹೆಂಗಸು. ಜಟ್ಟಿ ಅವಳಿಗೆ ಕೈ ಮುಗಿದ. "ಅಕ್ಕಾ, ಎಲ್ಲರೂ ಒಳಗೆ ಬನ್ನಿ. ಬಸುರಿಯ ಉಡಿ ತುಂಬೂಕೆ ಬಂದ್ರಿ ಅಂತಾಗಲಿ."

ದೇಮಯ್ಯ ಅಡ್ಡ ಬಂದ. ಆಗರದವರು ನಾಯಕನ ಮಗಳಿದ್ದ ಮನೆ ಹೊಗುವುದೇ? ನಾಳೆ ತಲೆ ಹೋಗುವುದು ಯಾರದು? ಅಷ್ಟರಲ್ಲಿ ತೊಲೆ ಪಟ್ಟೆಂದು ಸೀಳಿತು. ಒಳಗಿನಿಂದ ಪದುಮಲೆಯ ಸಣ್ಣ ದನಿ ಕೇಳಿಸಿತು: "ದೇಮಯ್ಯ, ಅವರ ಕೈಯಲ್ಲಿ ಉಡಿ ತುಂಬಿಸ್ಕೋಬೇಕು ಅಂತ ನನಗೆ ಬಯಕೆಯಾಗಿದೆ. ಇಲ್ಲ ಅಂತೀಯಾ?"

ದೇಮಯ್ಯ ಪಕ್ಕಕ್ಕೆ ಸರಿದ. ಹೆಂಗಸರು ಮೆಟ್ಟಿಲಿಳಿದು ಒಬ್ಬೊಬ್ಬರಾಗಿ ಒಳಹೊಕ್ಕರು. ಉಡಿಗೆ ಹಾಕಲು ಅವರಲ್ಲಿದ್ದದ್ದು ಸೆರಗಿನ ತುದಿಯ ಉಪ್ಪು ಮಾತ್ರ. ಜಟ್ಟಿ ಕಲ್ಲಿನ ಕೆಳಗೆ ಕೈಯಿಟ್ಟು ನಿಂತಿದ್ದ. ಒಬ್ಬೊಬ್ಬಳು ಕಾಲಿಟ್ಟಾಗಲೂ ದೋಣಿ ಕೂದಲೆಳೆಯಷ್ಟು ತಗ್ಗುವುದು, ನೀರು ಅಷ್ಟನ್ನೇ ಮತ್ತೆ ಎತ್ತುವುದು. ಕೊನೆಗೆ ಉಳಿದವಳು ಗಣಪಿ. "ನನ್ನ ಮೈ ನೋಡಿ ನಗ್ತಿದ್ರಲ್ಲ, ಈಗ ಕರೀರಿ" ಎನ್ನುತ್ತ ಅವಳು ಹೊಸ್ತಿಲು ದಾಟಿದಳು. ಜಟ್ಟಿಯ ಬೆರಳುಗಳ ಮೇಲೆ ಗಾಳಿ ಸುಳಿಯಿತು. "ಎಳೀರಿ" ಎಂದ. ದೋಣಿ ಕಲ್ಲನ್ನು ಕೆರೆಯುತ್ತ ಈಚೆಗೆ ಬಂತು.

ದಿನ ತುಂಬಿಯೇ ಹೆರಿಗೆಯಾಯಿತೆಂದು ಒಂದು ಮಾತು. ಆ ಸಂಜೆಯೇ, ಉಪ್ಪಿನ ಹೆಂಗಸರ ನಡುವೆಯೇ ಆಯಿತೆಂದು ಆಗರದವರ ಮಾತು. ಕೂಸು ಬದುಕಿತೆಂಬಲ್ಲಿ ಇಬ್ಬರದೂ ಒಂದೇ ಮಾತು.

ಸಂಕದ ಒಳಮೈಯಲ್ಲಿ ತೊಲೆ ಕೆರೆದ ಗೀರು ಇಂದಿಗೂ ಇದೆ. ಇಂಜಿನ್ ಆರಿದಾಗ ಕತ್ತೆತ್ತಿದವರಿಗೆ ಕಾಣುತ್ತದೆ. ಪ್ರವಾಸಿಗರನ್ನು ಇಳಿಸಿ ಬರಿದಾಗಿ ಮರಳುವ ಬೋಟು ಮಾತ್ರ ಅಲ್ಲಿ ದಡಕ್ಕೆ ತಾಗಿ ನಿಲ್ಲುತ್ತದೆ. ಈಗಿನ ಬೋಟುಗಳ ಮಾಡು ಕಲ್ಲಿಗೆ ತಗಲುವಷ್ಟು ಎತ್ತರವಿಲ್ಲ. ಆದರೂ ಬೋಟಿನವನು, "ಅಕ್ಕಾ, ಬತ್ರ್ಯ?" ಎಂದು ಕೂಗುತ್ತಾನೆ. ಮೀನು ಮಾರಿ ಬರುವವಳೋ, ಸೊಪ್ಪು ಹೊತ್ತವಳೋ, ಯಾರಾದರೊಬ್ಬ ಹೆಂಗಸು ಬುಟ್ಟಿ ಸಮೇತ ಹತ್ತಿ ಒಳಗೆ ಹೋಗಿ ನಡುವೆ ಕೂರುತ್ತಾಳೆ. ಸಂಕ ದಾಟುತ್ತದೆ. ಅವಳು ಆಚೆ ದಡದಲ್ಲಿ ಇಳಿದು ಮನೆಗೆ ಹೋಗುತ್ತಾಳೆ. ಅವನು ಇಂಜಿನ್ ಹಚ್ಚುತ್ತಾನೆ.