ತೊಯ್ಯದ ಕಾಗದ

ಹೊಳೆದಂಡೆಯ ಊರಿಗೆ ನೆರೆ ಬಂದು ನಲವತ್ತು ಮನೆ ಬಿದ್ದವು. ಪರಿಹಾರದ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋದವಳು ಅಂಗನವಾಡಿ ಸಹಾಯಕಿ ದುಂಡವ್ವ. ಕಂಕುಳಲ್ಲಿ ಒಂದು ಎಣ್ಣೆ ಡಬ್ಬಿ.

ನೆರೆ ಬರುವ ಮೊದಲೇ ಕಾಗದಪತ್ರ ಕಾಯ್ದುಕೊಳ್ಳಿ ಎಂದು ಕಾನೂನು ನೆರವಿನ ಶಿಬಿರದಲ್ಲಿ ವಕೀಲರು ಹೇಳಿದ್ದರು. ಅಂದಿನಿಂದ ಪ್ರತಿವರ್ಷ ಕಾರಹುಣ್ಣಿಮೆಯ ಮರುದಿನ ಅವಳು ಮನೆಮನೆಯ ಉತಾರ, ಹಕ್ಕುಪತ್ರ ಕೂಡಿಸಿ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೇಣ ಬಳಿದು, ಬೇವಿನ ಮರದ ಮೇಲೆ ಕಟ್ಟಿಸುತ್ತಿದ್ದಳು.

ಕಚೇರಿಯ ಸಾಹೇಬರು ಕಾಗದ ಮುಟ್ಟಿ ನೋಡಿ ಗುಡುಗಿದರು.

"ಒಂದು ಹಾಳೀನೂ ತೊಯ್ದಿಲ್ಲ! ನೆರೆ ಬಂದಿದ್ರ ಇವು ಹಿಂಗ ಗರಿಗರಿ ಇರ್ತಿದ್ವೇನು? ಸುಳ್ಳು ಅರ್ಜಿ. ನಡಿ ಹೊರಗ!"

ದುಂಡವ್ವ ಸುತ್ತ ನೋಡಿದಳು. ಕಚೇರಿಯ ತುಂಬ ಹಗ್ಗ ಕಟ್ಟಿ ಸರ್ಕಾರಿ ಕಡತಗಳನ್ನು ಸೀರೆಯಂತೆ ಒಣಹಾಕಿದ್ದರು.

"ಸಾಹೇಬ್ರ, ಇವು ಹೆಂಗ ತೊಯ್ದವ್ರಿ?"

"ಹೊಳಿ ನೀರು ಒಳಗ ನುಗ್ಗಿತ್ತು."

"ಹೊಳಿಗೂ ನಿಮಗೂ ನಡುವ ಇರೋದು ನಮ್ಮೂರು. ನೀರು ನಮ್ಮೂರು ಹಾರಿ ಬಂತೇನ್ರಿ?"

ಗುಮಾಸ್ತರು ಕಡತದ ಮರೆಗೆ ಸರಿದು ನಕ್ಕರು. ದುಂಡವ್ವ ಬಿಡಲಿಲ್ಲ. "ಕಾಗದ ತೊಯ್ದಿಲ್ಲ, ಅದಕ್ಕ ಅರ್ಜಿ ತಗೊಳ್ಳೂದಿಲ್ಲ ಅಂತ ಬರದು ಸಹಿ ಮಾಡಿ ಕೊಡ್ರಿ. ವಕೀಲ್ರಿಗೆ ತೋರಸ್ತೀನಿ."

ಸಾಹೇಬರು ಪೆನ್ನು ತೆಗೆದು, ಮತ್ತೆ ಕಿಸೆಗೆ ಸಿಕ್ಕಿಸಿದರು. ನಲವತ್ತೂ ಅರ್ಜಿಗೆ ಸ್ವೀಕೃತಿಯ ಠಸ್ಸೆ ಬಿತ್ತು. ಆಮೇಲೆ ಅವರ ದನಿ ಮೆತ್ತಗಾಯಿತು.

"ಅವ್ವಾ, ನಿಮ್ಮೂರ ದಾಖಲೆ ನಮ್ಮಲ್ಲಿ ಎಲ್ಲಾ ಅಳಿಸಿ ಹೋಗ್ಯಾವ. ನಿನ್ನ ಡಬ್ಬಿಯೊಳಗಿನವು ಒಂದೊಂದು ನಕಲು ಬೇಕಾಗಿತ್ತು."

ದುಂಡವ್ವ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಅವರೆದುರಿನ ಕುರ್ಚಿಯಲ್ಲಿ ಕೂತಳು.

"ಕೊಡೋಣಂತ್ರಿ ಸಾಹೇಬ್ರ. ಮೊದಲು ಒಂದು ಅರ್ಜಿ ಬರೀರಿ."