ಆನೆಲಾಯ ಸೇರಿದ ಸಿಂಹಾಸನ

ಕಲ್ಕೆರೆಯ ಮಲ್ಲರಸರ ಆಸ್ಥಾನಕ್ಕೆ ಬಂದ ಮೊದಲ ದಿನವೇ ವಾಗೀಶ ಪಂಡಿತರು ಜಂಬ ಕೊಚ್ಚಿದರು.

“ಹೆಸರು ಜನ ಇಟ್ಟದ್ದು, ಪ್ರಭು. ಅದಕ್ಕೆ ಬೆಲೆಯಿಲ್ಲ. ಲಕ್ಷಣ ನೋಡಿ ವರ್ಗ ಮಾಡಬೇಕು. ಒಂದು ವರ್ಗಕ್ಕೆ ಒಂದೇ ಕಾನೂನು. ನಾನು ವರ್ಗಕ್ಕೆ ಸೇರಿಸಲಾಗದ ವಸ್ತು ಈ ಅರಮನೆಯಲ್ಲಿದ್ದರೆ ಜುಟ್ಟು ಕತ್ತರಿಸಿಕೊಳ್ಳುತ್ತೇನೆ.”

ಅರಸರಿಗೆ ಇದು ಬಹಳ ಹಿಡಿಸಿತು. ಅರಮನೆ ತಲೆಕೆಳಗಾಯಿತು. ಉದ್ದವಾಗಿ, ಟೊಳ್ಳಾಗಿ, ಊದಲು ಬರುವುದೆಲ್ಲ ಒಂದೇ ವರ್ಗವೆಂದು ಆಸ್ಥಾನದ ಕೊಳಲು ಅಡುಗೆಮನೆಯ ಊದುಕೊಳವೆಗಳ ಜೊತೆ ಸೇರಿತು. ಪಾಪ, ಕೊಳಲಿನವನು ದಿನವೂ ಅಡುಗೆಯವರನ್ನು ಬೇಡಿ, ಮಸಿ ಒರೆಸಿಕೊಂಡು ನುಡಿಸಬೇಕಾಯಿತು.

ಕೊನೆಗೆ ಪಂಡಿತರು ಆನೆಲಾಯಕ್ಕೆ ಹೋದರು. ಅಲ್ಲಿ ಮುದಿ ಆನೆ ಚಂಪಾ ಇದ್ದಳು. ಹಿಂದೊಮ್ಮೆ ಯುದ್ಧದಲ್ಲಿ ಅರಸರನ್ನು ಹೊತ್ತು ಜೀವಸಹಿತ ಮನೆಗೆ ತಂದವಳು. ಈಗ ಮಂಡಿ ನೋವಿನಿಂದ ನಿಂತಲ್ಲೇ ನಿಲ್ಲುತ್ತಿದ್ದಳು.

“ನಾಲ್ಕು ಕಾಲಿದೆ, ಅರಸರನ್ನು ಹೊರುತ್ತದೆ, ಒಂದು ಹೆಜ್ಜೆಯೂ ಮುಂದೆ ಹೋಗದು. ಇದು ಕೆಟ್ಟ ವಾಹನದ ವರ್ಗ. ನಾಳೆ ಕಾಡಿಗೆ ಅಟ್ಟಿ,” ಎಂದರು ಪಂಡಿತರು. ಅರಸರು ಯೋಚಿಸದೆ ತಲೆಯಾಡಿಸಿಬಿಟ್ಟರು.

ಕಾಡಿನಲ್ಲಿ ಅವಳು ಬದುಕುವುದಿಲ್ಲವೆಂದು ಮಾವುತ ಇಮಾಮ ಸಾಬಿ, ವಿದೂಷಕ ಬೊಪ್ಪಣ್ಣನ ಮುಂದೆ ಕಣ್ಣೀರಿಟ್ಟ. ಬೊಪ್ಪಣ್ಣ ಅವನಿಗೆ, ಬೆಳಗ್ಗೆ ಗಟ್ಟಿಯಾಳುಗಳನ್ನು ಕರೆತರಲು ಹೇಳಿ ಕಳಿಸಿದ.

ದಿನವೂ ಸಿಂಹಾಸನಕ್ಕೆ ಆರತಿ ಎತ್ತಿ, ತೆಂಗು ಬೆಲ್ಲ ನೈವೇದ್ಯ ಮಾಡಿದ ಮೇಲೆಯೇ ಅರಸರು ಕೂರುವುದು ವಾಡಿಕೆ. ಮರುದಿನ ಪೂಜಾರಿ ತಟ್ಟೆ ಹಿಡಿದು ಬಂದರೆ ಸಿಂಹಾಸನವೇ ಇಲ್ಲ. ಹುಡುಕುತ್ತಾ ಎಲ್ಲರೂ ಆನೆಲಾಯಕ್ಕೆ ಓಡಿದರು. ಚಂಪಾಳ ಪಕ್ಕದಲ್ಲೇ ಸಿಂಹಾಸನ. ಅದರ ಕಾಲಿಗೂ ಸರಪಳಿ, ಮುಂದೆ ಒಂದು ಹೊರೆ ಹುಲ್ಲು.

ಇದು ಯಾರ ಕೆಲಸವೆಂದು ಅರಸರು ಗುಡುಗಿದರು.

“ಪಂಡಿತರ ಶಾಸ್ತ್ರದ್ದು, ಪ್ರಭು,” ಎಂದ ಬೊಪ್ಪಣ್ಣ. “ನಾಲ್ಕು ಕಾಲಿದೆ, ಅರಸರನ್ನು ಹೊರುತ್ತದೆ, ಒಂದು ಹೆಜ್ಜೆಯೂ ಮುಂದೆ ಹೋಗದು. ಎರಡನ್ನೂ ಒಟ್ಟಿಗೇ ಕಾಡಿಗೆ ಅಟ್ಟೋಣವೆಂದು ಇಲ್ಲಿಗೆ ತಂದೆ.”

ಹೆಸರಿಗೆ ಬೆಲೆಯಿಲ್ಲವೆಂದು ತಾವೇ ಹೇಳಿದ್ದ ಪಂಡಿತರು ಈಗ ಹೆಸರು ಬೇರೆ ಎನ್ನುವಂತಿರಲಿಲ್ಲ. ತಡವರಿಸುತ್ತಾ, ಆನೆಗೆ ಜೀವವಿದೆ, ಸಿಂಹಾಸನಕ್ಕಿಲ್ಲ ಎಂದರು.

“ಹಾಗಾದರೆ ಜೀವವಿರುವುದೇ ಅವಳ ತಪ್ಪೇ, ಸ್ವಾಮಿ?”

ಅರಸರಿಗೆ ರೇಗಿತು. “ಸಿಂಹಾಸನ ನಡೆಯಲಿ ಎಂದು ಕೇಳಿದವರಾರು? ನಾನು ಅದರ ಮೇಲೆ ಕೂರುತ್ತೇನೆ. ಅದಕ್ಕೆ ಆ ಗೌರವ ಸಾಲದೇ?”

“ಚಂಪಾಳ ಮೇಲೆ ಕೂತವರು ಯಾರು, ಪ್ರಭು?”

ಅರಸರು ನಾಚಿಕೆಯಿಂದ ಅವಳ ಸೊಂಡಿಲು ಸವರಿದರು. ಅವಳು ಇಲ್ಲೇ ಇರಲಿ, ಇಂದಿನಿಂದ ಅವಳದೂ ಸಿಂಹಾಸನದ್ದೇ ವರ್ಗ ಎಂದು ಅಪ್ಪಣೆ ಕೊಟ್ಟರು.

ಬೊಪ್ಪಣ್ಣ ಪೂಜಾರಿಯ ತಟ್ಟೆ ತೆಗೆದು ಪಂಡಿತರ ಕೈಗಿಟ್ಟ.

“ಒಂದು ವರ್ಗಕ್ಕೆ ಒಂದೇ ಕಾನೂನು, ಸ್ವಾಮಿ. ದಿನವೂ ಇವಳಿಗೂ ಆರತಿ ಎತ್ತಿ. ಸಿಂಹಾಸನವಂತೂ ಬೆಲ್ಲ ತಿನ್ನುವುದಿಲ್ಲ. ಅದರ ಪಾಲನ್ನೂ ಇವಳಿಗೇ ತಿನ್ನಿಸಿ.”