ಇಪ್ಪತ್ತೆರಡನೇ ಕಂತು

"ಗುರುಗಳೇ, ಜಪಾನಿನ ಈ ಅನಿಮೆ ಕಾರ್ಟೂನ್ ಸರಣಿಯನ್ನು ನಮ್ಮ ಕ್ರೈಸ್ತ ಮನೆಗಳ ಮಕ್ಕಳು ನೋಡಬಹುದೋ, ನೋಡಬಾರದೋ?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಓದು ಮುಗಿಸಿದ್ದ. ಬರುವ ತಿಂಗಳು ಪಾದ್ರಿಯಾಗಿ ಒಂದು ಊರಿನ ಧರ್ಮಕೇಂದ್ರಕ್ಕೆ ಹೋಗುವವನಿದ್ದ. ಕೈಯಲ್ಲಿ ಒಂದು ಹಾಳೆ ಇತ್ತು. ಹಾಳೆಯ ನಡುವೆ ಗೆರೆ ಎಳೆದು ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಇನ್ನೊಂದು ಕಡೆ ಬರೆದಿದ್ದ. ಧೈರ್ಯ, ಗೆಳೆತನ, ತ್ಯಾಗ ಎಡಕ್ಕೆ. ರಕ್ತ, ದೆವ್ವ, ಸೇಡು ಬಲಕ್ಕೆ. ಎರಡೂ ಕಡೆ ಸರಿಸಮ ಬಂದು ಅವನ ತಲೆ ಕೆಟ್ಟಿತ್ತು.

ಗುರುಗಳು ಹಾಳೆಯನ್ನು ಪೂರ್ತಿ ಓದಿದರು. ಮಡಿಸಿ ಅವನ ಕೈಗೇ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಕಲ್ಲುಕ್ವಾರಿಯ ಪಕ್ಕದಲ್ಲಿ ಒಂದು ಊರು. ಊರಿಗೆ ಒಂದು ಸಣ್ಣ ಚರ್ಚು. ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ, ಮೊದಲ ಭಾನುವಾರ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಿಗೆ ಒಬ್ಬ ಉಪದೇಶಿ ಇದ್ದ. ಮಕ್ಕಳಿಗೆ ಜ್ಞಾನೋಪದೇಶ ಕಲಿಸುವವನು ಅವನೇ, ಸಂಜೆ ಜಪ ಹೇಳಿಸುವವನು ಅವನೇ, ಸತ್ತವರನ್ನು ಮಣ್ಣು ಮಾಡಿಸುವವನೂ ಅವನೇ.

ಉಪದೇಶಿ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು. ಅವನು ಕೆಟ್ಟವನಾಗಿದ್ದರೆ ಈ ಕತೆಯಿಂದ ಯಾರಿಗೂ ಏನೂ ಪ್ರಯೋಜನವಿರಲಿಲ್ಲ.

ಸ್ವಾಮಿಗಳ ಎದುರು ತಪ್ಪು ಒಪ್ಪಿಕೊಳ್ಳುವ ಮೊದಲ ಪಾಪನಿವೇದನೆಗೆ ಮಕ್ಕಳನ್ನು ಸಿದ್ಧಮಾಡುವಾಗ ಅವನು ಒಂದೇ ಪಾಠವನ್ನು ಮತ್ತೆ ಮತ್ತೆ ಬಾಯಿಪಾಠ ಮಾಡಿಸುತ್ತಿದ್ದ. ಯಾವ ಪಾಪ, ಎಷ್ಟು ಸಲ. ಸುಳ್ಳು ಹೇಳಿದೆ ಎಂದರೆ ಸಾಲದು, ಎಷ್ಟು ಸಲ ಹೇಳಿದೆ ಎಂಬುದನ್ನೂ ಸೇರಿಸಬೇಕು. ಹಿರಿಯರ ಕಾಲದಿಂದ ಬಂದ ಪದ್ಧತಿ. ಮಕ್ಕಳು ಬೆರಳು ಮಡಿಸಿ ಎಣಿಸುತ್ತ, ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸುತ್ತ ಸಾಲಿನಲ್ಲಿ ನಿಲ್ಲುತ್ತಿದ್ದರು. ಪಾಪ ಎಣಿಕೆಗೆ ಸಿಕ್ಕಿದರೆ ಕೈಗೂ ಸಿಕ್ಕಿದಂತೆ ಎಂಬುದು ಉಪದೇಶಿಯ ನಂಬಿಕೆಯಾಗಿತ್ತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಪಟ್ಟಣದ ಹುಡುಗರೆಲ್ಲ ನೋಡುತ್ತಿದ್ದ ಒಂದು ಅನಿಮೆ ಸರಣಿ ಆ ವರ್ಷ ಈ ಊರಿನ ಹುಡುಗರ ಫೋನಿಗೂ ಬಂತು. ಒಬ್ಬ ಕತ್ತಿವೀರನ ಕತೆ. ಹುಡುಗರು ಉಣ್ಣುವುದನ್ನು ಮರೆತರು, ನೋಡುವುದನ್ನು ಮರೆಯಲಿಲ್ಲ. ತಾಯಂದಿರು ಸ್ವಾಮಿಗಳಿಗೆ ದೂರು ಹೇಳಿದರು. ಸ್ವಾಮಿಗಳು ಉಪದೇಶಿಯನ್ನು ಕರೆದು, ಮೊದಲಿನಿಂದ ಕೊನೆಯವರೆಗೆ ನೋಡಿ ಅದರಲ್ಲಿ ಏನಿದೆ ಎಂದು ಬರೆದುಕೊಡಲು ಹೇಳಿದರು. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ಮುಂಚೆ ಅದನ್ನು ಚರ್ಚಿನ ಬಾಗಿಲಿಗೆ ಅಂಟಿಸಬೇಕೆಂದು ಅವರ ಯೋಚನೆ.

ಒಟ್ಟು ಇಪ್ಪತ್ತಾರು ಕಂತು. ಉಪದೇಶಿ ಹೊಸ ನೋಟ್‌ಬುಕ್ ತೆಗೆದುಕೊಂಡು ಕೂತ. ಮೂರನೇ ಕಂತು ಮುಗಿಯುವ ಹೊತ್ತಿಗೆ ಅವನು ಎರಡು ಸಲ ಫೋನನ್ನು ಮಗುಚಿಟ್ಟಿದ್ದ. ಕೈ ಕತ್ತರಿಸಿ ಬೀಳುತ್ತಿತ್ತು, ತಲೆ ಉರುಳುತ್ತಿತ್ತು, ಮಂತ್ರ ಹಾಕಿ ದೆವ್ವ ಎಬ್ಬಿಸುತ್ತಿದ್ದರು. ಉಪದೇಶಿ ಮೊಸರಿನಲ್ಲಿ ಕಲ್ಲು ಹುಡುಕುತ್ತಿರಲಿಲ್ಲ. ಕಲ್ಲು ಅಲ್ಲಿ ಇದ್ದೇ ಇತ್ತು.

ಇಡೀ ಸರಣಿಯನ್ನು ಹೀಗೆ ಕೂತು ನೋಡಲು ತನ್ನಿಂದಾಗದು ಎನ್ನಿಸಿದಾಗ ಅವನು ಒಂದು ಉಪಾಯ ಕಂಡುಕೊಂಡ. ಕತ್ತಿ ಒರೆಯಿಂದ ಹೊರಗೆ ಬಂದರೆ ನಿಲ್ಲಿಸಿ ನೋಡುವುದು. ಮಾತುಕತೆ ಬಂದರೆ ಬೆರಳಿನಿಂದ ಓಡಿಸಿಬಿಡುವುದು. ಕೂತು ಮಾತಾಡುವವರಲ್ಲಿ ಎಣಿಸಲು ಏನಿರುತ್ತದೆ? ಯಾವ ಕಂತು, ಎಷ್ಟು ಹೊಡೆತ, ಎಷ್ಟು ಸಾವು ಎಂದು ಮೂರು ಸಾಲು ಮಾಡಿ ಬರೆದ. ಕೆಲಸ ಚುರುಕಾಯಿತು. ಇಪ್ಪತ್ತೆರಡನೇ ಕಂತನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿದರೂ ಒಂದೇ ಒಂದು ಸಲವೂ ಕತ್ತಿ ಏಳಲಿಲ್ಲ. ಅದರ ಎದುರಿಗೆ "ಏನೂ ಇಲ್ಲ" ಎಂದು ಬರೆದು ಮುಂದಕ್ಕೆ ಹೋದ.

ಹೀಗಾಗಿ ಅವನಿಗೆ ಎಣಿಕೆ ಸಿಕ್ಕಿತು, ಕತೆ ಸಿಗಲಿಲ್ಲ. ಆ ಕತ್ತಿವೀರನಿಗೆ ಒಂದು ಶಾಪವಿತ್ತು. ಕತ್ತಿ ಬೀಸಿ ಒಬ್ಬನನ್ನು ಕೊಂದಾಗಲೆಲ್ಲ ತನ್ನವರಲ್ಲಿ ಒಬ್ಬರ ಹೆಸರು ಅವನಿಗೆ ಮರೆತುಹೋಗುತ್ತಿತ್ತು. ಗೆದ್ದಷ್ಟೂ ಅವನು ಒಂಟಿಯಾಗುತ್ತಿದ್ದ. ಊರಿನ ಮೂಗು ಸೋರುವ ಹುಡುಗನನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದ. ಉಪದೇಶಿ ಕೇಳಲಿಲ್ಲ.

ಆ ಊರಿನಲ್ಲಿ ಇನ್ನಾಸಿ, ಚೌರಿ ಎಂದು ಇಬ್ಬರು ಗೆಳೆಯರಿದ್ದರು. ಹದಿನಾರರ ಪ್ರಾಯ. ಇಬ್ಬರೂ ಉಪದೇಶಿಯ ಎದುರು ಬೆರಳು ಮಡಿಸಿ ಪಾಪ ಎಣಿಸಲು ಕಲಿತವರು. ಇಬ್ಬರೂ ಆ ಸರಣಿಗೆ ಮರುಳಾಗಿದ್ದರು. ಒಂದು ಮಧ್ಯಾಹ್ನ ಕ್ವಾರಿಯ ಅಂಚಿನಲ್ಲಿ ಕಬ್ಬಿಣದ ಸಲಾಕೆಗಳನ್ನು ಹಿಡಿದು ಕತ್ತಿವೀರರ ಆಟ ಆಡಿದರು. ಒಂದು ಏಟು ಜೋರಾಗಿ ಬಿತ್ತು. ಮಾತಿಗೆ ಮಾತು ಬೆಳೆಯಿತು. ಇನ್ನಾಸಿ ಸಿಟ್ಟಿನಲ್ಲಿ ಚೌರಿಯನ್ನು ತಳ್ಳಿದ. ಚೌರಿ ಅರವತ್ತು ಅಡಿ ಕೆಳಗಿನ ಬಂಡೆಯ ಮೇಲೆ ಬಿದ್ದು ಅಲ್ಲೇ ಸತ್ತ.

ನೋಡಿದವರು ಯಾರೂ ಇರಲಿಲ್ಲ. ಕಾಲು ಜಾರಿತು ಎಂದ ಇನ್ನಾಸಿ. ಊರು ನಂಬಿತು, ಉಪದೇಶಿಯೂ ನಂಬಿದ. ಗೆಳೆಯನನ್ನು ಕಳೆದುಕೊಂಡ ಹುಡುಗನನ್ನು ಕಂಡು ಎಲ್ಲರೂ ಅಯ್ಯೋ ಎಂದರು. ಅವರು ಅಯ್ಯೋ ಎಂದಷ್ಟೂ ಇನ್ನಾಸಿ ಉಣ್ಣದೆ ತಟ್ಟೆ ಸರಿಸತೊಡಗಿದ. ಯಾರಿಗಾದರೂ ಹೇಳಲೇಬೇಕಿತ್ತು. ಸ್ವಾಮಿಗಳು ಬರಲು ಇನ್ನೂ ಹನ್ನೊಂದು ದಿನ ಇತ್ತು. ಅಷ್ಟು ದಿನ ಅದನ್ನು ಹೊತ್ತುಕೊಂಡಿರಲು ಅವನಿಂದ ಆಗಲಿಲ್ಲ. ಒಂದು ಬುಧವಾರ ಮಧ್ಯಾಹ್ನ ಉಪದೇಶಿಯ ಮನೆಗೆ ಬಂದ.

ಉಪದೇಶಿ ನೋಟ್‌ಬುಕ್ಕಿನ ಮೊತ್ತ ಕೂಡಿಸುತ್ತಿದ್ದ. ಹುಡುಗ ಬಡವಾಗಿದ್ದುದು ಅವನಿಗೆ ಕಂಡಿತು. "ನಿದ್ದೆಗೆಟ್ಟು ಆ ದರಿದ್ರ ಫೋನ್ ನೋಡ್ತೀಯ ಅಂತ ಕಾಣ್ತದೆ. ಕಣ್ಣು ನೋಡು, ಎಲ್ಲೋ ಗುಳಿ ಸೇರವೆ" ಎಂದು ಅಕ್ಕರೆಯಿಂದಲೇ ಗದರಿದ.

ಇನ್ನಾಸಿ ಬಾಗಿಲ ಬಳಿಯೇ ನಿಂತ. ನಿಂತವನು ನೇರವಾಗಿ ಹೇಳಲಾರದೆ ಬಳಸಿಕೊಂಡು ಬಂದ. "ಉಪದೇಶಿಗಳೇ, ಅದ್ರಲ್ಲಿ ಇಪ್ಪತ್ತೆರಡನೇ ಕಂತು ನೋಡುದ್ರಾ?"

"ಎಲ್ಲಾನೂ ನೋಡಿವ್ನಿ," ಎಂದ ಉಪದೇಶಿ.

"ಆ ಕತ್ತಿವೀರ ಮಾಡಿದ್ದು ತಪ್ಪೇಯ. ಆದ್ರೆ ಅಂಥೋನಿಗೂ ಕ್ಷಮೆ ಅಂತ ಇರ್ತದಾ, ಉಪದೇಶಿಗಳೇ?"

"ಅವನಿಗೆಲ್ಲಿಂದ ಬತ್ತದೆ ಕ್ಷಮೆ? ನೂರಾ ಮೂವತ್ತೊಂದು ಜನಾನ ಕೊಂದವ್ನೆ. ನಾನೇ ಎಣ್ಸಿವ್ನಿ. ನರಕದಲ್ಲೂ ಜಾಗ ಕೊಡಲ್ಲ ಅಂಥೋನಿಗೆ."

ಎಷ್ಟು ದೊಡ್ಡ ಪಾಪವಾದರೂ ದೇವರ ಕರುಣೆ ಅದಕ್ಕಿಂತ ದೊಡ್ಡದು ಎಂದು ಅದೇ ಬಾಯಿ ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿತ್ತು. ಆದರೆ ಅದು ಮನುಷ್ಯರ ಮಾತು. ಇದು ಬರೆದ ಗೊಂಬೆ. ಗೊಂಬೆಗೆ ಕರುಣೆ ತೋರಿಸಿ ಯಾರನ್ನು ಉದ್ಧಾರ ಮಾಡುವುದಿದೆ ಎಂದು ಉಪದೇಶಿ ಅಂದುಕೊಂಡ. ತಾನು ನೋಡದ ಕಂತನ್ನು ನೋಡಿದೆ ಎಂದು ಹೇಳಿದ್ದಂತೂ ಅವನ ಮನಸ್ಸಿಗೆ ಒಂದು ಸುಳ್ಳು ಎಂದೇ ಅನ್ನಿಸಲಿಲ್ಲ.

ಇನ್ನಾಸಿ ಹೊಸ್ತಿಲಿನಿಂದ ಹಿಂದೆ ಸರಿದ. "ಸರಿ, ಉಪದೇಶಿಗಳೇ" ಎಂದು ಹೋದ. ಉಪದೇಶಿ ಮತ್ತೆ ಮೊತ್ತ ಕೂಡಿಸಲು ಕೂತ.

ಶನಿವಾರ ಬೆಳಿಗ್ಗೆ ಕ್ವಾರಿಯ ಹಳ್ಳದ ನೀರಿನಲ್ಲಿ ಇನ್ನಾಸಿಯ ಹೆಣ ಸಿಕ್ಕಿತು. ಗೆಳೆಯನ ಸಂಕಟದಲ್ಲೇ ಹೋದ ಎಂದಿತು ಊರು. ಅವನನ್ನೂ ಉಪದೇಶಿಯೇ ಮಣ್ಣು ಮಾಡಿಸಿದ. ಒಂದೇ ತಿಂಗಳಲ್ಲಿ ಎರಡು ಎಳೆಯ ಹೆಣ. ಪ್ರಾರ್ಥನೆ ಓದುವಾಗ ಅವನು ಎರಡು ಸಲ ಸಾಲು ತಪ್ಪಿದ. ಬುಧವಾರದ ಮಾತು ಆಗಲೂ ಅವನ ನೆನಪಿಗೆ ಬರಲಿಲ್ಲ.

ಸೋಮವಾರ ಮದಲೆಮ್ಮ ಬಂದಳು. ಅವಳು ಚೌರಿಯ ತಾಯಿ. ಬರುವ ಭಾನುವಾರದ ಪೂಜೆಯಲ್ಲಿ ಸತ್ತವರಿಗಾಗಿ ಓದುವ ಹೆಸರುಗಳ ಜೊತೆ ಒಂದು ಹೆಸರು ಸೇರಿಸಬೇಕು ಎಂದಳು.

"ಚೌರಿ ಹೆಸರು ಆಗ್ಲೇ ಬರ್ಕೊಂಡಿವ್ನಿ ಕಣಮ್ಮ," ಎಂದ ಉಪದೇಶಿ.

"ಚೌರೀದಲ್ಲ. ಇನ್ನಾಸೀದು."

ಉಪದೇಶಿ ತಲೆಯೆತ್ತಿದ. ಮದಲೆಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ನನ್ ಮಗನ್ನ ತಳ್ಳಿದ್ದು ಅವನೇಯ. ಮಣ್ ಮಾಡಿದ್ ದಿವ್ಸವೇ ನಂಗೆ ಗೊತ್ತಾಯ್ತು. ಎಲ್ರೂ ಗುಂಡಿಗೆ ಒಂದೊಂದ್ ಹಿಡಿ ಮಣ್ಣಾಕುದ್ರು. ಅವನು ಹಿಡಿ ತುಂಬ ತಕ್ಕಂಡ, ಹಾಕ್ನಿಲ್ಲ. ಆ ಮುಷ್ಟಿ ಬಿಚ್ಚದೆ ಹಂಗೇ ಮನೆಗೋದ. ಬಂದು ತಾನೇ ಹೇಳ್ಲಿ ಅಂತ ಕಾಯ್ತಿದ್ದೆ. ಬಂದಿದ್ರೆ ಬೈತಿದ್ದೆ. ಹೊಡೀತಿದ್ದೆ. ಆಮೇಲೆ ಕೂರ್ಸಿ ಮುದ್ದೆ ಇಕ್ತಿದ್ದೆ. ಇದ್ದೊಬ್ಬನ್ನ ಕಳ್ಕಂಡವ್ಳು, ಇನ್ನೊಂದು ಮಗೀನ ಜೀವ ತಕ್ಕಂಡು ಏನ್ ಮಾಡ್ಲಿ?"

ಉಪದೇಶಿ ಏನೋ ಕೇಳಲು ಹೋದ. ಅವಳೇ ಮುಂದುವರಿಸಿದಳು.

"ಆ ಬುಧ್ವಾರ ನಮ್ ಬೀದಿ ತಿರುವಿನ ಗಂಟ ಬಂದ. ನಾನು ಬಾಗ್ಲಲ್ಲೇ ಇದ್ದೆ. ನನ್ ಮಕ ನೋಡ್ದೋನೇ ತಲೆ ತಗ್ಗಿಸ್ಕಂಡು ನಿಮ್ ಮನೆ ಕಡೆ ತಿರುಗ್ದ. ಸರಿ, ಒಬ್ನೇ ಬರಕ್ಕೆ ಭಯ, ಉಪದೇಶಿಗಳು ಜೊತೇಲಿ ಕರ್ಕಂಡು ಬತ್ತಾರೆ ಅಂದ್ಕಂಡೆ. ಒಳಗೋಗಿ ಮುದ್ದೆಗೆ ಎಸರಿಟ್ಟೆ."

ಬುಧವಾರ ಉಪದೇಶಿ ಹುಡುಗನಿಗೆ ಏನು ಹೇಳಿದ ಎಂದು ಅವಳು ಕೇಳಲಿಲ್ಲ. ಹೆಸರು ಬರೆದುಕೊಂಡದ್ದನ್ನು ನೋಡಿ ಹೊರಟುಹೋದಳು. ಕೇಳಿದ್ದರೆ ಚೆನ್ನಾಗಿತ್ತು ಎಂದು ಉಪದೇಶಿಗೆ ಎಷ್ಟೋ ದಿನ ಅನ್ನಿಸುತ್ತಿತ್ತು.

ಅವಳು ಹೋದ ಮೇಲೆ ಅವನು ಬಾಗಿಲು ಹಾಕಿಕೊಂಡು ಇಪ್ಪತ್ತೆರಡನೇ ಕಂತನ್ನು ಹಾಕಿದ. ಈ ಸಲ ಓಡಿಸಲಿಲ್ಲ. ಕತ್ತಿವೀರ ತಾನು ಕೊಂದವನೊಬ್ಬನ ತಾಯಿಯ ಮನೆಗೆ ಹೋಗುತ್ತಾನೆ. ಆ ಹೊತ್ತಿಗೆ ಅವನಿಗೆ ತನ್ನ ತಾಯಿಯ ಹೆಸರೂ ಮರೆತುಹೋಗಿರುತ್ತದೆ. ನಿನ್ನ ಮಗನನ್ನು ಕೊಂದವನು ನಾನು ಎನ್ನುತ್ತಾನೆ. ಮುದುಕಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಹೊರಗೆ ಕೂರುತ್ತಾನೆ. ಮಳೆ ಬಂದು ನಿಲ್ಲುತ್ತದೆ, ಬಿಸಿಲು ಬಂದು ಹೋಗುತ್ತದೆ. ಕಂತು ಮುಗಿಯಲು ಇನ್ನೇನು ಸ್ವಲ್ಪ ಇರುವಾಗ ಬಾಗಿಲು ತೆರೆಯುತ್ತದೆ. ಒಳಗೆ ಬಾ ಎಂದು ಅವಳು ಹೇಳುವುದಿಲ್ಲ. ತೆರೆದ ಬಾಗಿಲನ್ನು ಹಾಗೆಯೇ ಬಿಟ್ಟು ಒಲೆಯ ಕಡೆಗೆ ಹೋಗುತ್ತಾಳೆ. ಅಷ್ಟೇ.

ಇನ್ನಾಸಿ ಕೇಳಿದ್ದು ಇದನ್ನು. ಆ ಬಾಗಿಲು ನಿಜವಾಗಿ ಎಲ್ಲಾದರೂ ಇದೆಯೇ ಎಂದು. ಮೂರು ಬೀದಿ ಆಚೆ ಅದು ತೆರೆದೇ ಇತ್ತು. ಉಪದೇಶಿ ಎದ್ದು ಹುಡುಗನ ಕೈ ಹಿಡಿದು ಅಲ್ಲಿಯವರೆಗೆ ನಡೆದಿದ್ದರೆ ಸಾಕಿತ್ತು. ಅವನು ಕೂತಲ್ಲಿಂದ ಒಂದು ಅಂಕಿ ಹೇಳಿ ಕಳಿಸಿದ್ದ.

ಉಪದೇಶಿ ನೋಟ್‌ಬುಕ್ ತೆರೆದ. "ಏನೂ ಇಲ್ಲ" ಎಂದು ಬರೆದದ್ದನ್ನು ಹೊಡೆದುಹಾಕಲು ಪೆನ್ನು ಎತ್ತಿದ. ಹೊಡೆದು ಏನು ಬರೆಯಬೇಕೆಂದು ತಿಳಿಯಲಿಲ್ಲ. ಪೆನ್ನನ್ನು ಕೆಳಗಿಟ್ಟು, ಹೆಂಡತಿಗೂ ಕೇಳುವಷ್ಟು ಜೋರಾಗಿ ಅತ್ತ.

ಮೊದಲ ಭಾನುವಾರ ಸ್ವಾಮಿಗಳು ಬಂದರು. ಅವನು ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟ. ಕೊಡಲು ಅವನ ಹತ್ತಿರ ಬೇರೆ ಏನೂ ಇರಲಿಲ್ಲ, ಬರೆದದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಎಷ್ಟು ಅಚ್ಚುಕಟ್ಟು ಎಂದು ಸ್ವಾಮಿಗಳು ಮೆಚ್ಚಿಕೊಂಡರು. ಸರಣಿಯನ್ನು ನೋಡಬಾರದೆಂಬ ಚೀಟಿ ಬಾಗಿಲಿಗೆ ಬಿತ್ತು. ತಾಯಂದಿರು ಅದನ್ನು ಓದಿ ನೆಮ್ಮದಿಯಿಂದ ಮನೆಗೆ ಹೋದರು. ಹುಡುಗರೂ ಓದಿದರು, ಹಿತ್ತಲಿಗೆ ಹೋಗಿ ನೋಡುವುದನ್ನು ಮುಂದುವರಿಸಿದರು. ಆದರೆ ಅದರಲ್ಲಿ ಕಂಡದ್ದೊಂದನ್ನು ಕೇಳಬೇಕೆಂದು ಆಮೇಲೆ ಅವರಲ್ಲಿ ಒಬ್ಬನೂ ಉಪದೇಶಿಯ ಮನೆಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಂಕಟವಾಗಿತ್ತು. ಆದರೂ ಅವನಿಗೆ ಉತ್ತರ ಬೇಕಿತ್ತು. "ಗುರುಗಳೇ, ಒಬ್ಬ ಹುಡುಗ ಸತ್ತದ್ದು ಆ ಸರಣಿಯಿಂದ ಕಲಿತ ಆಟದಲ್ಲೇ. ಇನ್ನೊಬ್ಬ ಬದುಕುವ ದಾರಿಯೂ ಆ ಸರಣಿಯಲ್ಲೇ ಇತ್ತು. ಹಾಗಾದರೆ ಮಕ್ಕಳು ಇಂಥದ್ದನ್ನು ನೋಡಬಹುದೋ, ನೋಡಬಾರದೋ? ನಾನು ಹೋಗುವ ಊರಿನಲ್ಲಿ ಏನೆಂದು ಹೇಳಲಿ?"

"ಯಾವ ಮಗು? ಹೆಸರು ಹೇಳು," ಎಂದರು ಗುರುಗಳು.

ಶಿಷ್ಯ ಮಡಿಸಿದ ಹಾಳೆಯನ್ನು ಬಿಚ್ಚಿ ನೋಡಿದ. ಗೆರೆಯ ಎರಡೂ ಕಡೆ ಒಂದು ಮಗುವಿನ ಹೆಸರೂ ಇರಲಿಲ್ಲ.